ಆರು ಗೇಣು

ಪಣಜಿಯ ಫೊಂತಾಯ್ನಾಸ್ ಓಣಿಯೊಳಗ
ಹಳದಿ ಮನಿ ದಾಟಿ, ನೀಲಿ ಮನಿ ದಾಟಿ
ಬಾವಿ ಹಂತ್ಯಾಕ ನಿಂತೈತಿ ಆ ಅರಮನಿ.
ಎರಡು ಮಳಿಗಾಲದಿಂದ ಅದಕ್ಕ ಸುಣ್ಣ ಅರೀತೀನಿ.
ಸಿಮೆಂಟ ಹಚ್ಚಬಾರದಂತ, ಹಚ್ಚಿದರ ಗ್ವಾಡಿ ಬೆವರತೈತಂತ.
ಚಿಪ್ಪು ಸುಟ್ಟ ಸುಣ್ಣ, ನದೀ ಉಸುಕು, ಬೆಲ್ಲದ ನೀರು
ಕೂಡಿಕೊಂಡು ವಾರಗಟ್ಟಲೆ ಕೊಳೀಬೇಕು.
ಗ್ವಾಡಿಗೆ ಬೆಲ್ಲ ಹಾಕೂದು ಕಂಡು ಮೊದಲ ದಿನ
ನಾ ಒಂದು ತುಣುಕು ಕದ್ದು ತಿಂದೀನಿ.
ಅದನ್ನ ಬರಕೋಬ್ಯಾಡ್ರಿ.

ಇಂಜಿನೀರಬಾಯಿ ಝುಲೆಮಾ
ಫೋನಿನ್ಯಾಗ ಒಂದು ಚಿತ್ರ ತೋರಿಸಿದಳು:
ಸಮುದ್ರದಾಚೆ ಯಾವುದೋ ಊರು, ನಡುಪ್ಯಾಟಿ,
ಕಲ್ಲಿನ ಹಾದಿ, ಕಲ್ಲಿನ ಅರಮನಿ,
ಅದರ ಮುಂದ ಒಬ್ಬಾಂವ ಸೈಕಲ್ ಹಿಡಕೊಂಡು
ಐಸ್‌ಕ್ರೀಮ್ ತಿನ್ನಾಕತ್ತಾನ.
"ಇದರ ತಾಯಿ ಅದು" ಅಂದಳು.
ಮೂರು ಸಾಲು ಕಿಟಕಿ. ಕೆಳಗಿನ ಸಾಲಿನ ಕಲ್ಲು ಒರಟು,
ಮ್ಯಾಲ ಹೋದ್ಹಂಗ ನುಣುಪು,
ಹಿಮ್ಮಡದಿಂದ ಗಲ್ಲದ ತನಕ ಬಂದ್ಹಂಗ.

ಅಲ್ಲೆ ಮೆಟ್ಟಿಲು ಬಲಕ್ಕ ಹೊಳ್ಳತಾವ, ಇಲ್ಲೆ ಎಡಕ್ಕ.
ಕಟ್ಟಿಸಿದ ಸಾವಕಾರ ಆ ಊರು ಕಂಡಾವಲ್ಲ,
ಹಾಳಿ ಮ್ಯಾಲ ಅಚ್ಚೊತ್ತಿದ ಚಿತ್ರ ಕಂಡಾಂವ.
ಅಚ್ಚಿನ್ಯಾಗ ಎಡ ಬಲ ಆಗತೈತಿ.
ಕನ್ನಡ್ಯಾಗ ನೋಡಿ ಕುಂಕುಮ ಹಚ್ಚಿಕೊಂಡವರಿಗೆ
ಇದೇನು ಹೊಸಾದಲ್ಲ.

ಆಮ್ಯಾಲ ತಕರಾರು ಬಂತು.
ನಡುಸಾಲಿನ ಕಿಟಕಿ ಎಂಟು:
ಎಡಗಡೆ ನಾಕು ಅಗಲ, ಬಲಗಡೆ ನಾಕು ಇಕ್ಕಟ್ಟು.
ಕೆಂಪು ಚುಕ್ಕಿ ಬಿಡೋ ಯಂತ್ರ ತಂದು
ಮೂರು ದಿನ ಅಳದಳು ಝುಲೆಮಾ.
ಭೂಮಿ ಕುಸದೈತೇನು? ಪಾಯ ಸರದೈತೇನು?
ಲಿಸ್ಬನ್ನಿಗೆ ಕಾಗದ ಹೋತು. ಉತ್ತರ ಬರಲಿಲ್ಲ.

ದಾವಲಸಾಬ ಗೌಂಡಿ, ಇಳಕಲ್ಲಿನಾಂವ,
ಬೀಡಿ ಆರಿಸಿ ಕಿವಿ ಮ್ಯಾಲ ಇಟಗೊಂಡು
ಅಟ್ಟಣಿಗಿ ಏರಿದ.
ಎಡಗಡೆ ಕಿಟಕಿಗೆ ತನ್ನ ಗೇಣು ಹಾಕಿದ.
ಆರಕ್ಕ ಕಿರಿಬೆರಳು ಚೌಕಟ್ಟಿನ ಕಲ್ಲಿಗೆ ಬಡೀತು,
ಕೂದಲೆಳಿ ಹೆಚ್ಚಿಲ್ಲ, ಕಡಿಮಿಲ್ಲ.
ಬಲಗಡೆ ಹೋದ. ಐದಾಗಿ ಒಂದು ಬೆರಳು ಉಳೀತು.
"ಇಲ್ಲೆ ಕುಂತಾಂವ ಬ್ಯಾರೆ ಗೌಂಡಿ.
ಸಣ್ಣ ಕೈ. ಹುಡುಗ ಇರಬೇಕು."
ಝುಲೆಮಾ ಬರಕೊಂಡಳು: ಹುಡುಗ.
ಮುಂದ ಒಂದು ಪ್ರಶ್ನಿ ಗುರುತು.

ಮಧ್ಯಾಹ್ನ ಎಲ್ಲಾರೂ ರೊಟ್ಟಿ ಬಿಚ್ಚಾಕ ಇಳದಾಗ
ಬುಟ್ಟಿ ತರತೀನಿ ಅಂತ ಹೇಳಿ ನಾ ಮ್ಯಾಲ ಹೋದೆ.
ಬಲಗಡೆ ಎರಡನೇ ಕಿಟಕಿ.
ಸೆರಗಿಗೆ ಕೈ ಒರೆಸಿದೆ.
ಸುಣ್ಣ ತಿಂದ ಬೆರಳು, ಚಾಚಿದರ ಬಿರೀತಾವ.
ಹೆಬ್ಬಟ್ಟು ಊರಿ ಚಾಚಿದೆ.
ಒಂದು.
ಎರಡು.
ಮೂರರ ಹತ್ತರ ಪಾರಿವಾಳದ ಹೇಲು, ಅದನ್ನೂ ಅಳದೆ.
ನಾಕು. ಐದು.
ಆರಕ್ಕ ಕಲ್ಲು ನನ್ನ ಬೆರಳಿಗೆ ತಾಗಿತು,
ನಿದ್ದಿಯೊಳಗ ಮಗಳ ಕಾಲು ತಾಗಿದ್ಹಂಗ.

ಮತ್ತೊಂದು ಕಿಟಕಿ. ಆರು.
ಮತ್ತೊಂದು. ಆರು.
ನಾಕನೇದು ಅಳೀಲಿಲ್ಲ. ಅಂಜಿಕಿ ಬಂತು.

ಯಾವಾಕಿ ನೀ?
ಘಟ್ಟ ಇಳದು ಬಂದ ನಮ್ಮ ಕಡೆಯಾಕೀನೋ,
ಇಲ್ಲೇ ಮಾಂಡವಿ ದಂಡಿಯಾಕೀನೋ?
ಗಂಡಗ ಚಳಿಜ್ವರ ಬಂದು ಮಲಗಿದ ದಿನ
ನೂಲುಗುಂಡು ಹಿಡದು ನೀನ ಏರಿದ್ಯೇನು?
ಒಂದು ದಿನ ಅಂತ ಏರಿ, ನಾಕು ಕಿಟಕಿ ಆಗೂತನ
ಇಳೀಲೇ ಇಲ್ಲೇನು?
ಕೆಳಗ ಸಾವಕಾರ ಹಾಳಿ ಹಿಡದು ನಿಂತು
"ಚಲೋ, ಚಿತ್ರದ್ಹಂಗ ಐತಿ" ಅಂದಾಗ
ಮುಸುಗಿನ್ಯಾಗ ನಕ್ಕೇನು?

ಆಕಿ ಏನೂ ಅನಲಿಲ್ಲ.
ಕಿಟಕಿಯ ಸಿಂಪಿನ್ಯಾಗ ಬಿಸಲು
ಹಾಲಿನ ಕೆನಿಯ್ಹಂಗ ಕಟ್ಟಿ ನಿಂತಿತ್ತು.

ಇಳದು ಬಂದೆ.
"ಬುಟ್ಟಿ ಎಲ್ಲೆ?" ಅಂದ ದಾವಲಸಾಬ.
ಮರತೆ ಅಂದೆ.
ಆ ಪ್ರಶ್ನಿ ಗುರುತು ಹಂಗ ಇರಲಿ ಬಿಡು ಅನಿಸಿತು.
ಇಷ್ಟು ದಿನ ಕಲ್ಲು ಬಾಯಿ ಬಿಟ್ಟಿಲ್ಲ, ನಾ ಯಾಕ ಬಿಡಲಿ?

ಸಂಜಿಕ ಬಸ್‌ಸ್ಟ್ಯಾಂಡಿನಾಗ ಸ್ಯಾವಂತಿಗಿ ಮಾಲಿ ಕೊಂಡೆ.
ಮಾರಾಕಿ ತನ್ನ ಮೊಳದಾಗ ಅಳದು ಹರದಳು.
ಗಿಡ್ಡ ಕೈಯಾಕಿ. ದಿನಾ ಜಗಳ ತಗೀತೀನಿ ಆಕಿ ಕೂಡ.
ಇವತ್ತ ತಗೀಲಿಲ್ಲ.
ಕೊಟ್ಟಷ್ಟು ಮುಡಕೊಂಡು
ಝುವಾರಿನಗರದ ಬಸ್ ಹತ್ತಿದೆ.